ನಾಲ್ಕು ಬೆರಳು ಬಿಸಿಲು

“ಆ ಗೋಡೆ ಇನ್ನೊಂದು ಸಾಲು ಮೇಲೆ ಹೋದ್ರೆ ನಾನೇ ಹತ್ತಿ ಬಂದು ಕಿತ್ತು ಹಾಕ್ತೀನಿ,” ಎಂದೆ.

ಪಕ್ಕದ ತಾರಸಿಯಲ್ಲಿ ಇಟ್ಟಿಗೆ ಕಟ್ಟುತ್ತಿದ್ದ ಮೇಸ್ತ್ರಿ ತಿರುಗಿ ನೋಡಿದ. ಹುಬ್ಬಿನ ಮೇಲೆ ಸಿಮೆಂಟಿನ ಪುಡಿ, ಕಣ್ಣಲ್ಲಿ ನಗು.

“ಸುತ್ತಿಗೆ ನಾನೇ ಕೊಡ್ತೀನಿ ಮೇಡಂ. ಮೊದ್ಲು ಗೋಡೆ ಮಾಡಿದ ತಪ್ಪೇನು, ಹೇಳಿ.”

ಊರವರ ತಾರಸಿಗಳಿಗೆಲ್ಲ ಸೋಲಾರ್ ಹೀಟರ್ ಕೂರಿಸುವವಳು ನಾನು. ನಮ್ಮ ಮನೆಗೆ ಕೂರಿಸಿದ್ದು ಮಾತ್ರ ಈ ವರ್ಷ, ಅಮ್ಮನ ಕೀಲುನೋವು ಹೆಚ್ಚಾದ ಮೇಲೆ. ಬೆಳಿಗ್ಗೆ ಎರಡು ಬಕೆಟ್ ಬಿಸಿನೀರು ಬೀಳದಿದ್ದರೆ ಅಮ್ಮನ ಬೆರಳು ಮಡಚುವುದಿಲ್ಲ. ಪಕ್ಕದವರು ದಕ್ಷಿಣಕ್ಕೆ ಎಬ್ಬಿಸುತ್ತಿದ್ದ ಸಾಮಾನು ಕೋಣೆ ಇನ್ನೂ ಎತ್ತರವಾದರೆ, ಚಳಿಗಾಲದಲ್ಲಿ ಅದರ ನೆರಳು ನೇರವಾಗಿ ನಮ್ಮ ಹೀಟರಿನ ಗಾಜಿನ ಕೊಳವೆಗಳ ಮೇಲೆ ಬೀಳುತ್ತಿತ್ತು.

“ನೆರಳು ಅಲ್ಲೆಲ್ಲೋ ಮಾರು ದೂರದಲ್ಲಿದೆಯಲ್ಲ,” ಎಂದ.

“ನೆರಳೇನು ಕಟ್ಟಿ ಹಾಕಿದ ಎಮ್ಮೆನಾ ಮೇಸ್ತ್ರಿ? ದಿನಾ ಒಂದಿಷ್ಟು ಮುಂದೆ ಬರುತ್ತೆ.”

ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದೆ. ಇಷ್ಟಕ್ಕೇ ನಿಲ್ಲಿಸಿದರೆ ಸಾಲದು, ಮೇಲಿನ ಎರಡು ಸಾಲು ಕೀಳಬೇಕು. ಅವನು ತಲೆ ಕೆರೆದುಕೊಂಡು ಹೋದ. ಮರುದಿನ ರಜೆ; ಆದರೂ ಒಬ್ಬನೇ ಬಂದು ಎರಡೂ ಸಾಲು ಕಿತ್ತ.

“ಮನೆಯವ್ರು ಹೇಗೆ ಒಪ್ಪಿದ್ರು?”

“ಸಾಮಾನು ಕೋಣೆಗೆ ಅಷ್ಟೆತ್ತರ ಯಾಕೆ, ಹಳೇ ಕುರ್ಚಿಗಳೇನು ಎದ್ದು ನಿಲ್ತಾವಾ ಅಂದೆ.” ಆಮೇಲೆ ಗಂಭೀರವಾಗಿ ಸೇರಿಸಿದ, “ಆದ್ರೂ ನಿಮ್ಮ ಲೆಕ್ಕದ ಮೇಲೆ ನಂಗೆ ಅನುಮಾನ.”

“ಹಾಗಾದ್ರೆ ದಿನಾ ಬಂದು ಅಳೀರಿ.”

ಬಂದ. ಸೀಮೆಸುಣ್ಣ ಇಡಲು ಒಂದು ಅರ್ಧ ಇಟ್ಟಿಗೆಯನ್ನೂ ತಂದು ಕೊಳವೆಗಳ ಸ್ಟ್ಯಾಂಡಿನ ಬಳಿ ಇಟ್ಟ. ಪ್ರತಿ ಮಧ್ಯಾಹ್ನ ಊಟ ಮುಗಿಸಿ ಬಂದು, ನೆರಳಿನ ಅಂಚಿಗೆ ಒಂದು ಗೆರೆ ಎಳೆಯುತ್ತಿದ್ದ. ಎಳೆಯುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಿದ್ದ. ನಾನು ಗೆರೆಯನ್ನು ನೋಡುತ್ತಿರಲಿಲ್ಲ. ಅವನು ತಲೆ ಎತ್ತಿದ ಕೂಡಲೇ ಟ್ಯಾಂಕಿನ ಕಡೆ ಕಣ್ಣು ಹೊರಳಿಸುತ್ತಿದ್ದೆ, ಅಲ್ಲೇನೋ ಸೋರುತ್ತಿದೆ ಎಂಬಂತೆ.

“ಟ್ಯಾಂಕ್ ಸೋರ್ತಿದೆಯಾ?”

“ಇಲ್ಲ.”

“ಮತ್ತೆ ಮುಖ ಯಾಕೆ ಕೆಂಪಾಗಿದೆ?”

“ಬಿಸಿಲು ಮೇಸ್ತ್ರಿ, ಬಿಸಿಲು.”

ಪಕ್ಕದ ಮನೆಯ ಕೆಲಸ ಮುಗಿಯಿತು. ಅವನು ಊರಾಚೆಯ ಕಟ್ಟಡಕ್ಕೆ ಹೋದ. ಆದರೂ ಮಧ್ಯಾಹ್ನಕ್ಕೆ ಸೈಕಲ್ ತುಳಿದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ. “ಆ ಹುಡುಗನಿಗೆ ನಮ್ಮ ನೀರಿನ ಮೇಲೆ ಎಷ್ಟು ಕಾಳಜಿ,” ಎಂದು ಅಮ್ಮ ನನ್ನ ಮುಖವನ್ನೇ ನೋಡಿ ನಕ್ಕಳು.

ವರ್ಷದ ಅತಿ ಚಿಕ್ಕ ಹಗಲು ಬಂತು. ನಾಳೆಯಿಂದ ನೆರಳು ಹಿಂದೆ ಸರಿಯುತ್ತದೆ, ಅವನು ಬರಲು ನೆಪವೇ ಇರುವುದಿಲ್ಲ. ಮೀನಮೇಷ ಎಣಿಸುತ್ತ ಕೂರುವುದು ನನ್ನ ಜಾಯಮಾನವಲ್ಲ. ಇವತ್ತು ಹೇಳಿಯೇ ಬಿಡಬೇಕು ಎಂದು ನಿರ್ಧರಿಸಿ, ಅವನು ಬರುವ ಮೊದಲೇ ತಾರಸಿಯಲ್ಲಿ ನಿಂತಿದ್ದೆ.

ಅವನು ನೆರಳಿಗೂ ಕೊಳವೆಗಳಿಗೂ ನಡುವೆ ಕೈ ಇಟ್ಟು ಅಳೆದ.

“ನಾಲ್ಕು ಬೆರಳು ಬಿಸಿಲು ಉಳೀತು. ಅಮ್ಮ ಗೆದ್ರು.” ಎದ್ದು ಕೈ ಕೊಡವಿಕೊಂಡ. “ಇನ್ನು ನಂಗಿಲ್ಲಿ ಕೆಲ್ಸ ಇಲ್ಲ.”

“ನಿಂತ್ಕೊಳ್ಳಿ. ನೆರಳು ಇಲ್ಲಿಗೇ ನಿಲ್ಲುತ್ತೆ ಅಂತ ಮೊದಲ ದಿನಾನೇ ನಂಗೆ ಖಾತ್ರಿ ಇತ್ತು.”

“ಮತ್ತೆ ದಿನಾ ಯಾಕೆ ಅಳೆಸಿದ್ರಿ?”

“ನೀವು ಬರ್ಲಿ ಅಂತ.” ಈ ಸಲ ಟ್ಯಾಂಕಿನ ಕಡೆ ಕಣ್ಣು ಹೊರಳಿಸಲಿಲ್ಲ. “ನೀವಂದ್ರೆ ನಂಗಿಷ್ಟ. ನೆರಳು ಹಿಂದೆ ಹೋದ್ರೂ ನೀವು ಬರ್ತಾ ಇರ್ಬೇಕು.”

ಅವನು ಬಗ್ಗಿ ಆ ಅರ್ಧ ಇಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಅದರ ಅಡಿಯಲ್ಲಿ ಪೆನ್ಸಿಲಿನ ಸಣ್ಣ ಗೆರೆಯೊಂದಿತ್ತು. ನೆರಳಿನ ಅಂಚು ಸರಿಯಾಗಿ ಅದರ ಮೇಲೆಯೇ ಬಂದು ನಿಂತಿತ್ತು.

“ಈ ಇಟ್ಟಿಗೆ ತಂದಿಟ್ಟ ದಿನಾನೇ ಹಾಕಿದ್ದು,” ಎಂದ ಮೆಲ್ಲಗೆ. “ಹತ್ತು ವರ್ಷದಿಂದ ಬಿಸಿಲಲ್ಲಿ ನಿಂತು ಗೋಡೆ ಕಟ್ತಿದೀನಿ. ಅದರ ನೆರಳು ಎಲ್ಲಿಗೆ ಬರುತ್ತೆ ಅಂತ ನಂಗೆ ಗೊತ್ತಿರಲ್ವಾ?”

ಇಬ್ಬರೂ ನಕ್ಕೆವು. ಅವನು ಸೀಮೆಸುಣ್ಣದ ಚೂರನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದ.

“ನಾಳೆ ಮಧ್ಯಾಹ್ನ ಬರ್ತೀನಿ. ಅಳೆಯೋಕಲ್ಲ.”