ಹೆಸರು ಮರೆಯುವ ನಡುಗಡ್ಡೆ

ನಮ್ಮ ಅಜ್ಜಿಯ ಅಜ್ಜಿಗೂ ಕತೆಯಾಗಿಯೇ ತಲುಪಿದಷ್ಟು ಹಿಂದೆ, ನೀಲವತಿ ನದಿಯ ದಂಡೆಯಲ್ಲಿ ಕಂಕಣಾವತಿ ಎಂಬ ರಾಜ್ಯವಿತ್ತು. ದಂಡಧರ ಎಂಬ ರಾಜ ಅದನ್ನು ಆಳುತ್ತಿದ್ದ. ಅವನಿಗೆ ಚಂದ್ರಧರನೆಂಬ ಒಬ್ಬನೇ ಮಗ. ಒಂದು ವರ್ಷ ರಾಜ ಬಡಗಣ ದೇಶದ ಮೇಲೆ ದಂಡು ಕಳಿಸಿದ. ಏಳು ಸಾವಿರ ಮಂದಿ ನದಿ ದಾಟಿ ಹೋದರು. ರಾಜಕುಮಾರನೂ ಹೋದ. ಯಾರೊಬ್ಬರೂ ಮರಳಲಿಲ್ಲ.

ಸುದ್ದಿ ಬಂದ ದಿನ ರಾಜ ಊಟ ಬಿಟ್ಟ, ಮಾತು ಬಿಟ್ಟ. ಒಂಬತ್ತನೆಯ ದಿನ ಧೂಮಕನೆಂಬ ಮಾಂತ್ರಿಕ ಅರಮನೆಗೆ ಬಂದ. ಅವನ ವಿದ್ಯೆ ಊರಿನ ಮೌನವನ್ನು ಉಂಡು ಬೆಳೆಯುವಂಥದ್ದು.

"ಪ್ರಭು, ಸತ್ತರೆಂದು ಯಾರೂ ಹೇಳದಿದ್ದರೆ ಯಾರೂ ಸತ್ತಿಲ್ಲ. ಆ ಮಾತು ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳುವ ಕೆಲಸ ನನಗೆ ಬಿಡಿ," ಎಂದ.

ರಾಜ ತಲೆಯಾಡಿಸಿದ. ಮಾರನೆಯ ದಿನವೇ ಡಂಗುರ ಬಿತ್ತು. ದಂಡು ದೂರದೇಶದಲ್ಲಿ ಸುಖವಾಗಿದೆ, ಅಳುವವರು ರಾಜದ್ರೋಹಿಗಳು ಎಂದು ಸಾರಿದರು. ತಾಯಂದಿರು ಬಾಯಿಗೆ ಸೆರಗು ತುರುಕಿಕೊಂಡರು. ಕವಿಗಳಿಂದ ಮಾತ್ರ ಅದು ಆಗಲಿಲ್ಲ. ಒಬ್ಬ ಓಲೆಯಲ್ಲಿ ಬರೆದ, ಒಬ್ಬಳು ಬೀಸುವ ಕಲ್ಲಿನ ಮುಂದೆ ಹಾಡಿದಳು. ಧೂಮಕ ಅವರನ್ನೆಲ್ಲ ಹಿಡಿತರಿಸಿ, ಮೃಗಪಕ್ಷಿಗಳನ್ನಾಗಿ ಮಾಡಿ, ನೀಲವತಿಯ ನಡುಗಡ್ಡೆಗೆ ಅಟ್ಟಿದ.

ಬಣ್ಣಗಾರರ ಕೇರಿಯಲ್ಲಿ ಬಾಚಲೆ ಎಂಬವಳಿದ್ದಳು. ಬಟ್ಟೆಗೆ ನೀಲಿ ಅದ್ದುವುದು ಅವಳ ಕೆಲಸ. ಅವಳು ಕಟ್ಟಿದ ಹಾಡುಗಳನ್ನು ಕೇರಿಯ ಹೆಂಗಸರೆಲ್ಲ ಹಾಡುತ್ತಿದ್ದರು. ಅವಳಿಗೆ ಸೋವನೆಂಬ ತಮ್ಮ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ. ಅಲ್ಲಿಂದ ಇವಳೇ ಸಾಕಿದಳು. ಅವನು ದಂಡಿನೊಂದಿಗೆ ಹೋದ ಮೇಲೆ ಬಾಚಲೆ ಒಂದು ಹಾಡನ್ನೂ ಕಟ್ಟಿರಲಿಲ್ಲ. ಒಂದು ದಿನ ಮಾತ್ರ ಅರಮನೆಯ ಸುಣ್ಣದ ಗೋಡೆಯ ಮೇಲೆ ನೀಲಿಯಲ್ಲಿ 'ನನ್ನ ತಮ್ಮ ಎಲ್ಲಿ?' ಎಂದು ಬರೆದಳು. ಕಾವಲಿನವರು ಅವಳ ನೀಲಿ ಬೆರಳು ನೋಡಿಯೇ ಹಿಡಿದರು.

ಧೂಮಕ ಅವಳ ತಲೆಗೆ ಬೂದಿ ಎರಚಿದ. ಬಾಚಲೆಯ ಬೆನ್ನು ಬಾಗಿತು, ಮೈ ತುಂಬ ಮುಳ್ಳೆದ್ದಿತು. ಅವಳು ಮುಳ್ಳುಹಂದಿಯಾದಳು.

"ನೀನು ಬರೆಯಲು ಹೆದರಿದ ಪದ್ಯವೊಂದು ನಿನ್ನೊಳಗೆ ಇದೆ," ಎಂದ ಧೂಮಕ. "ಅದನ್ನು ಬರೆದು ಮುಗಿಸಿ, ಬೇರೊಬ್ಬರ ಬಾಯಲ್ಲಿ ಓದಿಸಿದರೆ ಮತ್ತೆ ಹೆಣ್ಣಾಗುತ್ತೀ. ಇದನ್ನು ನಾನು ಎಲ್ಲರಿಗೂ ಹೇಳಿಯೇ ಕಳಿಸುತ್ತೇನೆ. ಇವತ್ತಿನವರೆಗೆ ಯಾರೂ ಬಂದಿಲ್ಲ."

ನಡುಗಡ್ಡೆಯಲ್ಲಿ ಮುಳ್ಳುಪೊದೆ, ಕಲ್ಲು, ಮರಳು. ಸುತ್ತಲಿನ ನೀರಿನಲ್ಲಿ ಮೊಸಳೆಗಳು. ಅವಕ್ಕೆ ಮೃಗಗಳನ್ನು ಹಿಡಿಯಲು ಅಪ್ಪಣೆಯಿತ್ತು, ಮನುಷ್ಯರನ್ನು ಮುಟ್ಟಲು ಅಪ್ಪಣೆಯಿರಲಿಲ್ಲ. ಬಾಚಲೆ ಒಂದು ಬಂಡೆಯ ಸಂದಿಯಲ್ಲಿ ಮುದುರಿ ಕೂತಳು. ಎರಡು ದಿನ ಹಾಗೆಯೇ ಕೂತಿದ್ದಳು. ಮೂರನೆಯ ದಿನ ಬೆಳಿಗ್ಗೆ ಒಂದು ಕೊಕ್ಕರೆ ಬಂದು ಸಂದಿಯೊಳಗೆ ಇಣುಕಿತು.

"ಅಕ್ಕಾ, ನಿಮ್ಮ ಹೆಸರೇನು?"

ಬಾಚಲೆ ಬಾಯಿ ತೆರೆದಳು. "ಚಲೆ," ಎಂದಳು. ಮೊದಲ ಅಕ್ಷರ ಬರಲಿಲ್ಲ.

"ನಿಧಾನವಾಗಿ ನೆನಪು ಮಾಡಿಕೊಳ್ಳಿ. ನನಗೇನೂ ಅವಸರವಿಲ್ಲ," ಎಂದಿತು ಕೊಕ್ಕರೆ.

ಹೊತ್ತು ಮಾರುದ್ದ ಏರಿದ ಮೇಲೆ ಅವಳಿಗೆ ಪೂರ್ತಿ ಹೆಸರು ನೆನಪಾಯಿತು. ಕೊಕ್ಕರೆಗೆ ಸಮಾಧಾನವಾಯಿತು. ಇಲ್ಲಿ ದಿನಕ್ಕೊಮ್ಮೆ ಯಾರಾದರೂ ಕೇಳಿ, ನಾವೇ ಬಾಯಿಬಿಟ್ಟು ಹೇಳದಿದ್ದರೆ ಹೆಸರು ಸವೆಯುತ್ತದೆ, ಪೂರ್ತಿ ಮರೆತರೆ ಮಾತೂ ಹೋಗುತ್ತದೆ, ಮತ್ತೆ ಮೃಗ ಮೃಗವೇ, ನಡುಗಡ್ಡೆ ದಾಟಿದರೆ ನಮ್ಮ ಮಾತು ಊರವರಿಗೆ ಬರಿ ಕೂಗಾಗಿ ಕೇಳಿಸುತ್ತದೆ ಎಂದು ವಿವರಿಸಿತು. ತಾನು ಮಾದ ಎಂದಿತು. ಮೊದಲು ದೋಣಿ ನಡೆಸುತ್ತಿದ್ದನಂತೆ, ಹುಟ್ಟು ಹಾಕುತ್ತ ಪದ ಕಟ್ಟುತ್ತಿದ್ದನಂತೆ. ಪೊದೆಯಲ್ಲಿರುವ ಕರಡಿ ಆಸ್ಥಾನಕವಿ ಬೊಪ್ಪಯ್ಯನವರು. ಹೆಸರು ಕೇಳಿದರೆ ಗೊಣಗುತ್ತಾರೆ, ಹೊರಗೆ ಮಾತ್ರ ಬರುವುದಿಲ್ಲ.

ಅಂದಿನಿಂದ ಮಾದ ದಿನವೂ ಬಂದ. ಹೆಸರು ಕೇಳಿದ. ಆಮೇಲೆ, "ಒಂದು ಸಾಲು ಬರೀರಿ ಅಕ್ಕಾ. ಒಂದೇ ಸಾಲು. ಕೆಟ್ಟದಾಗಿದ್ದರೂ ಪರವಾಗಿಲ್ಲ," ಎಂದ. ತಾನೂ ಮರಳಿನಲ್ಲಿ ಕೊಕ್ಕಿನಿಂದ ಒಂದೊಂದು ಸಾಲು ಗೀಚುತ್ತಿದ್ದ, ಅಳಿಸುತ್ತಿದ್ದ. ಅವನು ಅಕ್ಕ ಎಂದಾಗಲೆಲ್ಲ ಬಾಚಲೆಗೆ ಸೋವ ನೆನಪಾಗುತ್ತಿದ್ದ. ಅವನನ್ನು ತಮ್ಮ ಎಂದು ಕರೆಯಲು ಮಾತ್ರ ಅವಳಿಗೆ ಬಾಯಿ ಬರಲಿಲ್ಲ.

ಕೊನೆಗೆ ಒಂದು ದಿನ ಅವಳು ಉದುರಿದ ಮುಳ್ಳೊಂದನ್ನು ಬಾಯಲ್ಲಿ ಕಚ್ಚಿ ಬರೆದಳು. ಸೋವ ಸಿಂಹದಂತಿದ್ದ, ಸೂರ್ಯನಂತಿದ್ದ ಎಂದು ಬರೆದಳು. ಮಾದ ಗಟ್ಟಿಯಾಗಿ ಓದಿದ. ಏನೂ ಆಗಲಿಲ್ಲ.

"ಚೆನ್ನಾಗಿದೆ ಅಕ್ಕಾ. ಆದರೆ ಇದರಲ್ಲಿ ನಿಮ್ಮ ತಮ್ಮ ಇಲ್ಲ," ಎಂದ ಮಾದ.

ಎರಡನೆಯ ಸಲ ಅವನ ಬಾಲ್ಯ ಬರೆದಳು. ಬಟ್ಟೆ ಅದ್ದುವ ನೀಲಿಯ ಬಾನಿಯೊಳಗೆ ಬಿದ್ದು ವಾರಗಟ್ಟಲೆ ನೀಲಿ ಮೈಯಲ್ಲಿ ಓಡಾಡಿದ್ದನ್ನು ಬರೆದಳು. ಮಾದ ಓದುತ್ತ ನಕ್ಕ. ಆಗಲೂ ಏನೂ ಆಗಲಿಲ್ಲ.

"ಈಗ ತಮ್ಮ ಬಂದ. ನೀವು ಇನ್ನೂ ಬಂದಿಲ್ಲ," ಎಂದ.

ಬಾಚಲೆಗೆ ರೇಗಿತು. ಅವಳು ಮುಳ್ಳನ್ನು ನೀರಿಗೆಸೆದು ಬಂಡೆಯ ಸಂದಿ ಸೇರಿದಳು. ಮಾದ ದಿನವೂ ಬಂದು ಹೆಸರು ಕೇಳುತ್ತಿದ್ದ, ಅವಳು ಬಂಡೆಗೆ ಮುಖ ಮಾಡಿ ಹೇಳುತ್ತಿದ್ದಳು, ಅವನು ಹೋಗುತ್ತಿದ್ದ. ಹೀಗೆ ಇಪ್ಪತ್ತು ದಿನ ಕಳೆಯಿತು. ಇಪ್ಪತ್ತೊಂದನೆಯ ದಿನ ಅವನು ಬರಲಿಲ್ಲ.

ಅವಳು ಹೊರಬಂದು ನೋಡಿದಳು. ಕೊಕ್ಕರೆ ನೀರಂಚಿನಲ್ಲಿ ಒಂಟಿಕಾಲಲ್ಲಿ ನಿಂತಿತ್ತು. "ಮಾದಾ," ಎಂದಳು. ಅದು ತಿರುಗಲಿಲ್ಲ. ಹತ್ತಿರ ಹೋದಳು. ಅದು ರೆಕ್ಕೆ ಬಡಿದು ಹಾರಿ, ಸ್ವಲ್ಪ ಆಚೆ ಇಳಿದು, ಮೀನು ಹಿಡಿಯಿತು. ಮರಳಿನ ಮೇಲೆ ಅವನ ಅಕ್ಷರದಲ್ಲಿ ಎರಡು ಸಾಲುಗಳಿದ್ದವು:

ತುಂಬಿದ ದೋಣಿಯನ್ನು ನೂಕಿದವನು ನಾನು.
ಬರಿದಾದ ದೋಣಿಯನ್ನು ತಂದವನೂ

ಅಷ್ಟೇ. ಏಳು ಸಾವಿರ ಮಂದಿಯನ್ನು ದಾಟಿಸಿದ್ದು ಅವನ ಹಾಗೂ ಅವನ ಜೊತೆಯವರ ದೋಣಿಗಳೆಂದು ಬಾಚಲೆಗೆ ಆಗ ಹೊಳೆಯಿತು. ಅವನು ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಅವಳು ಕೇಳಿರಲಿಲ್ಲ.

ಪೊದೆ ಅಲುಗಿತು. ಬಡಕಲು ಕರಡಿಯೊಂದು ಹೊರಗೆ ಬಂತು.

"ಅವನ ಹೆಸರನ್ನು ಒಂದು ಮುಂಗುಸಿ ಕೇಳುತ್ತಿತ್ತು. ನಾಲ್ಕು ದಿನದ ಹಿಂದೆ ಅದೂ ಹೆಸರು ಮರೆತು ಬಿಲ ಸೇರಿತು," ಎಂದಿತು ಕರಡಿ. "ಆಮೇಲೆ ಅವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ತಾಯಿ. ನನ್ನದು ಎರಡೇ ಅಕ್ಷರ, ಎಲ್ಲಿಗೆ ಹೋದೀತು ಅನ್ನುತ್ತಿದ್ದ."

ಬಾಚಲೆ ಮರಳಿನ ಮೇಲೆ ಬಿದ್ದುಕೊಂಡಳು. ಅವಳಿಗೆ ಅಳಬೇಕೆನಿಸಿತು. ಮುಳ್ಳುಹಂದಿಯ ಕಣ್ಣಲ್ಲಿ ನೀರು ಬರಲಿಲ್ಲ. ಒಂದು ಹಗಲು, ಇನ್ನೊಂದು ಹಗಲು ಹಾಗೆಯೇ ಕಳೆಯಿತು. ಕರಡಿ ಪಕ್ಕದಲ್ಲಿ ಕೂತು ಆಗಾಗ ಹೆಸರು ಕೇಳಿತು. ಅವಳು ಹೇಳಿದಳು, ಬಳಿಕ ಅದರ ಹೆಸರು ಕೇಳಿದಳು. "ಬೊಪ್ಪಯ್ಯ," ಎಂದಿತು ಕರಡಿ.

ಮೂರನೆಯ ದಿನ ಅವಳು ಎದ್ದಳು. ಒಂದು ಮುಳ್ಳನ್ನು ಹೆಕ್ಕಿ ಹೊತ್ತು ಮುಳುಗುವವರೆಗೆ ಬರೆದಳು. "ಓದಿ," ಎಂದು ಸರಿದು ನಿಂತಳು. ಕರಡಿ ಓದತೊಡಗಿತು.

ಸೋವ, ನೀನು ಹೊರಟ ದಿನ ನಾನು ಬಾಗಿಲಿಗೆ ಬರಲಿಲ್ಲ.
ಸಿಟ್ಟಿತ್ತು. ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದೆ.
ನೀನು ಹೊಸಿಲಲ್ಲಿ ನಿಂತು ಹಾಡಿದೆ:
'ಹೆತ್ತವಳ ಮಡಿಲು ಚಿಕ್ಕದು, ಹೊರಡಿರೋ,
ರಣದ ಮಡಿಲು ದೊಡ್ಡದು.'

ಕರಡಿಯ ದನಿ ನಿಂತುಹೋಯಿತು. ಬಾಚಲೆ ಕಾದಳು. ಕರಡಿ ಆ ಎರಡು ಸಾಲುಗಳನ್ನು ಬಹಳ ಹೊತ್ತು ನೋಡಿತು. ಆಮೇಲೆ ಉಳಿದದ್ದನ್ನು ಓದಿತು.

ಸಾಕಿದವಳ ಮಡಿಲು ಎಷ್ಟೆಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.
ಎರಡು ಸಲ 'ಅಕ್ಕಾ' ಎಂದು ಕರೆದೆ.
ಕೇಳಿಸಿತ್ತು.

ಬಾಚಲೆಯ ಮೈಯಿಂದ ಮುಳ್ಳುಗಳೆಲ್ಲ ಉದುರಿದವು. ಬೆನ್ನು ನೆಟ್ಟಗಾಯಿತು. ಅವಳು ಬೆರಳು ನೋಡಿಕೊಂಡಳು. ನೀಲಿ ಹಾಗೆಯೇ ಇತ್ತು. ಆಮೇಲೆ ಅವಳಿಗೆ ಅಳು ಬಂತು. ತಮ್ಮನಿಗೆ ಅತ್ತಳು, ಕೊಕ್ಕರೆಗೆ ಅತ್ತಳು, ಗಂಟಲು ಒಣಗುವವರೆಗೆ ಅತ್ತಳು.

ಮರುದಿನ ಕರಡಿ ತನ್ನ ಪದ್ಯ ಬರೆಯಿತು. ಉಗುರಿನಿಂದ ಗೀಚಿ, ಪೊದೆಯ ಹತ್ತಿರ ಹೋಗಿ ತಲೆ ತಗ್ಗಿಸಿ ಕೂತಿತು. ಬಾಚಲೆ ಮನಸ್ಸಿನಲ್ಲೇ ಓದಿಕೊಂಡಳು.

ನಾನು ಯುದ್ಧ ಕಂಡವನಲ್ಲ.
ಅರಮನೆಯ ತಂಪಿನಲ್ಲಿ ವೀಳ್ಯ ಮೆಲ್ಲುತ್ತ
ಮಡಿಲು ಎಂಬ ಮಾತು ಹುಡುಕಿದೆ.
ಸಿಕ್ಕಿದಾಗ ಖುಷಿಯಾಯಿತು.
ಆ ಖುಷಿಯನ್ನು ಹಾಡಿಕೊಂಡು ಮಕ್ಕಳು ಸಾಯಲು ಹೋದರು.
ಅವರಲ್ಲಿ ಒಬ್ಬನ ಹೆಸರು ಈಗ ಗೊತ್ತು. ಸೋವ.

ಬಾಚಲೆ ಓದಿ ಮುಗಿಸಿದಳು. ಬಾಯಿಬಿಟ್ಟು ಓದಲಿಲ್ಲ. ಕರಡಿಯ ಕಡೆ ನೋಡದೆ ನಡುಗಡ್ಡೆಯ ಆ ತುದಿಗೆ ನಡೆದಳು. ಈ ಮುದುಕ ಕರಡಿಯಾಗಿಯೇ ಸಾಯಲಿ ಎಂದುಕೊಂಡಳು. ಒಂದು ದಿನ ಹಾಗೆ ಅಂದುಕೊಂಡಳು. ಎರಡನೆಯ ದಿನವೂ ಹಾಗೆಯೇ ಅಂದುಕೊಂಡಳು. ನೀರಂಚಿನಲ್ಲಿ ಕೊಕ್ಕರೆ ಅತ್ತಿಂದಿತ್ತ ತಿರುಗುತ್ತಿತ್ತು, ಅವಳು ಇದ್ದಾಳೆಂಬ ಪರಿವೆಯೇ ಅದಕ್ಕಿರಲಿಲ್ಲ. ಮೂರನೆಯ ದಿನ ಅದನ್ನು ನೋಡುತ್ತ ನೋಡುತ್ತ ಅವಳಿಗೆ ತಡೆಯಲಾಗಲಿಲ್ಲ. ಓಡುತ್ತ ಬಂದಳು.

"ನಿಮ್ಮ ಹೆಸರೇನು?"

ಕರಡಿ ತಲೆ ಎತ್ತಿತು. ಬಾಯಿ ಅಲುಗಿಸಿತು. "ಬೊ," ಎಂದಿತು.

ಗಾಳಿಗೆ ಮರಳು ಸರಿದು ಅಕ್ಷರಗಳು ಅರ್ಧ ಮಾಸಿದ್ದವು. ಬಾಚಲೆ ಮಂಡಿಯೂರಿ, ಮಾಸಿದ್ದನ್ನು ನೆನಪಿನಿಂದ ತುಂಬಿಕೊಂಡು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ತಮ್ಮನ ಹೆಸರು ಬಂದಾಗಲೂ ನಿಲ್ಲಿಸಲಿಲ್ಲ. ಓದಿ ಮುಗಿಸಿದಾಗ ಎದುರಿಗೆ ಬಿಳಿ ಗಡ್ಡದ ಒಬ್ಬ ಮುದುಕ ಕೂತಿದ್ದ.

"ಕ್ಷಮಿಸಿಲ್ಲ," ಎಂದಳು ಬಾಚಲೆ.

"ಗೊತ್ತು ತಾಯಿ," ಎಂದ ಬೊಪ್ಪಯ್ಯ. "ಗೆದ್ದೆವೆಂದು ಬರೆದುಕೊಡು ಅಂದ ರಾಜ. ಕೈ ಬರಲಿಲ್ಲ. ಅದೊಂದೇ ನಾನು ಮಾಡಿದ ಒಳ್ಳೆಯ ಕೆಲಸ. ಅದೂ ತಡವಾಯಿತು."

ಇಬ್ಬರೂ ನೀರಿಗಿಳಿದು, ಕೊರಡೊಂದನ್ನು ಹಿಡಿದು ದಂಡೆ ಸೇರಿದರು. ಮೊಸಳೆಗಳು ಮೂಸಿ ನೋಡಿ ದಾರಿ ಬಿಟ್ಟವು.

ಅದು ಸಂತೆಯ ದಿನ. ಅರಮನೆಯ ಮುಂದಿನ ಬಯಲಲ್ಲಿ ಊರೆಲ್ಲ ಸೇರಿತ್ತು, ಆದರೂ ಗದ್ದಲವಿರಲಿಲ್ಲ. ಜನ ಬೆರಳು ತೋರಿಸಿ ಕೊಳ್ಳುತ್ತಿದ್ದರು, ತಲೆಯಾಡಿಸಿ ಮಾರುತ್ತಿದ್ದರು. ಬಾಚಲೆ ಒಂದು ಗಾಡಿಯ ಮೇಲೆ ಹತ್ತಿ ನಿಂತು ತನ್ನ ಪದ್ಯ ಹೇಳಿದಳು. ಬೊಪ್ಪಯ್ಯ ತನ್ನದನ್ನು ಹೇಳಿದ. ಅವನನ್ನು ಗುರುತಿಸಿದವರು ಕೆಲವರು ಉಗಿದರು. ಅವನು ಒರೆಸಿಕೊಳ್ಳಲಿಲ್ಲ.

ಧೂಮಕ ಓಡಿ ಬಂದು ಇಬ್ಬರ ಮೇಲೂ ಬೂದಿ ಎರಚಿದ. ಬರೆದು ಗೆದ್ದವರ ಮೇಲೆ ಅವನ ವಿದ್ಯೆ ಎರಡನೆಯ ಸಲ ನಡೆಯುತ್ತಿರಲಿಲ್ಲ. ಬೂದಿ ಬರಿ ಬೂದಿಯಾಗಿ ಬಿತ್ತು.

"ನನ್ನ ಮಗ ದೇಸಿಂಗ. ಸತ್ತಿದ್ದಾನೆ," ಎಂದಳು ಎಲೆ ಮಾರುವ ಒಬ್ಬ ಮುದುಕಿ. ಧೂಮಕನ ಒಂದು ಬೆರಳು ಪುಡಿಯಾಗಿ ಉದುರಿತು. ಮತ್ತೊಬ್ಬಳು ಗಂಡನ ಹೆಸರು ಹೇಳಿದಳು. ಮತ್ತೊಬ್ಬ ಅಣ್ಣನ ಹೆಸರು ಹೇಳಿದ. ಬಯಲಿನ ತುಂಬ ಹೆಸರುಗಳೆದ್ದವು, ಅಳುವೆದ್ದಿತು. ಧೂಮಕನ ಕೈ ಹೋಯಿತು, ಕಾಲು ಹೋಯಿತು. ಆದರೆ ಎದೆ ಮತ್ತು ತಲೆ ಉಳಿದವು, ಮಣ್ಣಿನ ಮೇಲೆ ಬಿದ್ದುಕೊಂಡು ನಗುತ್ತಿದ್ದವು. ಒಂದು ಹೆಸರು ಇನ್ನೂ ಬಾಕಿಯಿತ್ತು.

ಎಲ್ಲರೂ ಅರಮನೆಯ ಉಪ್ಪರಿಗೆಯ ಕಡೆ ನೋಡಿದರು. ರಾಜ ದಂಡಧರ ಕಟಕಟೆ ಹಿಡಿದು ನಿಂತಿದ್ದ. ಯಾರೂ ಕೂಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವನು, "ಚಂದ್ರಧರ," ಎಂದ. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು. ಧೂಮಕನಿದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಉಳಿಯಿತು. ರಾಜ ಕಿರೀಟ ತೆಗೆದಿಟ್ಟು ಒಳಗೆ ಹೋದ, ಮತ್ತೆ ಅದನ್ನು ಇಟ್ಟುಕೊಳ್ಳಲಿಲ್ಲ. ಊರ ಹಿರಿಯರು ಸೇರಿ ರಾಜ್ಯ ನಡೆಸಿದರು.

ನಡುಗಡ್ಡೆಯಲ್ಲಿ ಹೆಸರು ನೆನಪಿದ್ದವರೆಲ್ಲ ಮನುಷ್ಯರಾಗಿ ಬಂದರು. ಅಂಥವರು ಹನ್ನೊಂದು ಮಂದಿ. ಮರೆತವರು ಬರಲಿಲ್ಲ. ಕೊಕ್ಕರೆ ಕೊಕ್ಕರೆಯಾಗಿಯೇ ಉಳಿಯಿತು.

ಒಂದು ದಿನ ಹೊನ್ನಲೆ ಎಂಬ ಹೆಂಗಸು ಬಣ್ಣಗಾರರ ಕೇರಿಗೆ ಬಂದಳು. ಅವಳು ಮಾದನ ಹೆಂಡತಿ. ಬಾಚಲೆ ಅವಳನ್ನು ಜಗಲಿಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದಳು. ತಾನು ಅವನ ಹೆಸರು ಕೇಳದೆ ಇದ್ದದ್ದನ್ನೂ ಬಿಡದೆ ಹೇಳಿದಳು.

ಹೊನ್ನಲೆ ಸೆರಗಿನ ಅಂಚು ಹಿಡಿದುಕೊಂಡಳು. "ಹೋದ ವರ್ಷ ಒಂದು ಕೊಕ್ಕರೆ ಬಂದು ನಮ್ಮ ಬಾವಿಕಟ್ಟೆ ಮೇಲೆ ಮೂರು ದಿನ ಕೂತಿತ್ತು," ಎಂದಳು. "ಕೂಗುತ್ತಲೇ ಇತ್ತು. ನಾನು ಪೊರಕೆ ತಗೊಂಡು ಓಡಿಸಿದೆ."

ಬಾಚಲೆ ಅವಳ ಹತ್ತಿರಕ್ಕೆ ಸರಿದು ಕೂತಳು.

"ಇದನ್ನು ಯಾರ ಮುಂದೆ ಹೇಳಲಿ ಅಕ್ಕಾ? ಹೇಳಿದರೂ ಕರಗುವುದಿಲ್ಲ."

"ಬರೀತೀಯಾ?"

"ನನಗೆ ಅಕ್ಷರ ಬರುವುದಿಲ್ಲ."

"ಕಲಿಸುತ್ತೇನೆ," ಎಂದಳು ಬಾಚಲೆ.

ಕಲಿಯಲು ಒಂದು ವರ್ಷ ಹಿಡಿಯಿತು. ಹೊನ್ನಲೆಯ ಕೈ ಒರಟು, ಅಕ್ಷರ ಕೊರೆಯುವ ಕಂಟ ಹಿಡಿದರೆ ಓಲೆ ಸೀಳುತ್ತಿತ್ತು. ಬೊಪ್ಪಯ್ಯ ವಾರಕ್ಕೊಮ್ಮೆ ಬರುತ್ತಿದ್ದ. ಬಾಚಲೆ ಅವನಿಗೆ ಮಣೆ ಹಾಕುತ್ತಿದ್ದಳು, ಮಜ್ಜಿಗೆ ಕೊಡುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ. ಅವನು ಹೊಸದಾಗಿ ಬರೆದದ್ದನ್ನು ಓದಿದರೆ, "ಈ ಸಾಲು ಸುಳ್ಳು," ಎನ್ನುತ್ತಿದ್ದಳು. ಅವನು ಅದನ್ನು ಹೊಡೆದು ಹಾಕುತ್ತಿದ್ದ. ಅವಳ ಪದ್ಯಕ್ಕೆ ಅವನು, "ಇನ್ನೂ ಸ್ವಲ್ಪ ಹೋಗು ತಾಯಿ, ಇಲ್ಲಿಗೇ ನಿಲ್ಲಬೇಡ," ಎನ್ನುತ್ತಿದ್ದ. ಅವಳು ಮುಂದೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಹೊನ್ನಲೆ ತಾನು ಬರೆದದ್ದನ್ನು ತಾನೇ ಓದಿದಳು. ಸೂರು ಸೋರುತ್ತದೆ, ನೀನು ಹುಲ್ಲು ಹೊದಿಸದೆ ಹೋದೆ. ಮನೆಗೆ ಬಂದರೂ ಇಂಥವನು ಎಂದು ಹೇಳದೆ ಕೂತೆ. ನಿನ್ನ ಹೆಂಡತಿಗೆ ಹಕ್ಕಿಯ ಮಾತು ಬರುತ್ತದೆಯೇ? ಹೀಗೆ ಉದ್ದಕ್ಕೂ ಗಂಡನನ್ನು ಬೈದಿದ್ದಳು. ಕೊನೆಯಲ್ಲಿ ಪೊರಕೆ ಬಂತು. ಆ ಸಾಲು ಓದುವಾಗ ಎರಡು ಸಲ ನಿಂತಳು. ಬಾಚಲೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಹೊನ್ನಲೆ ಓದಿ ಮುಗಿಸಿದಳು.

ಬೊಪ್ಪಯ್ಯ ಒಂದು ಮಾತನ್ನೂ ತಿದ್ದಲಿಲ್ಲ.

ಹೊನ್ನಲೆ ಓಲೆಯನ್ನು ಮಡಿಲಲ್ಲಿಟ್ಟುಕೊಂಡು ಮುಖ ಒರೆಸಿಕೊಂಡಳು. "ಅಕ್ಕಾ, ಹಸಿವಾಗುತ್ತಿದೆ," ಎಂದಳು. ಗಂಡ ಹೋದಂದಿನಿಂದ ಅವಳ ಬಾಯಿಂದ ಆ ಮಾತು ಬಂದಿರಲಿಲ್ಲ. ಬಾಚಲೆ ಎದ್ದು ಒಲೆ ಹಚ್ಚಿದಳು. ಮೂವರೂ ಸಾಲಾಗಿ ಕೂತು ಉಂಡರು. ಹೊನ್ನಲೆ ಎರಡು ಸಲ ಬಡಿಸಿಕೊಂಡಳು.

ಆಮೇಲೆ ಅವರೆಲ್ಲ ಸುಖವಾಗಿದ್ದರೇ ಎಂದು ಕೇಳಿದರೆ, ಇದ್ದರು. ಅಳು ಬಂದಾಗ ಅತ್ತು, ಹಸಿವಾದಾಗ ಉಂಡು, ಬರೆದದ್ದನ್ನು ಒಬ್ಬರಿಗೊಬ್ಬರು ಓದಿಕೊಂಡು, ಬಹಳ ಕಾಲ ಇದ್ದರು.