ಅತ್ತೆ ಟೈಪ್ ಮಾಡಿದ ಕಾದಂಬರಿ

ಊಟದ ಮೇಜಿನ ಮೇಲೆ ಪಾರ್ಸೆಲ್ ಬಿಚ್ಚಿಕೊಂಡು ಬಿದ್ದಿತ್ತು. ಒಳಗಿದ್ದ ಪುಸ್ತಕಗಳನ್ನು ಅತ್ತೆ ಒಂದೊಂದಾಗಿ ತೆಗೆದು ಸಾಲಾಗಿ ಜೋಡಿಸಿದ್ದರು. ಎಲ್ಲ ಮುಖಪುಟಗಳಲ್ಲೂ ಅದೇ ಹೆಂಗಸು, ಅದೇ ಬರಿಬೆನ್ನು. ಕನ್ನಡಕದ ಅಂಗಡಿಯಿಂದ ಮಧ್ಯಾಹ್ನದ ಊಟಕ್ಕೆಂದು ಬಂದ ಮಗ ಬಾಗಿಲಲ್ಲೇ ನಿಂತುಬಿಟ್ಟ. ನೀರಿನ ಜಗ್ಗು ಹಿಡಿದು ಅಡುಗೆಮನೆಯಿಂದ ಬಂದ ಸೊಸೆ, ಅದನ್ನು ಎಲ್ಲಿಡಬೇಕೆಂದು ತೋಚದೆ ಎದೆಗವಚಿಕೊಂಡಳು.

"ಪಾರ್ಸೆಲ್ ಮೇಲೆ ನಿನ್ನ ಹೆಸರಿದೆ, ಪುಸ್ತಕದ ಮೇಲೆ ಇನ್ಯಾರದೋ ಹೆಸರಿದೆ. ಏನಿದು?" ಎಂದರು ಅತ್ತೆ. ಅವರ ದನಿ ಏರಲಿಲ್ಲ. ಏರದ ದನಿಗೇ ಆ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದುದು.

"ಆ ಇನ್ನೊಂದು ಹೆಸರೂ ನಂದೇ ಅತ್ತೆ. ಬರೆದಿದ್ದು ನಾನೇ."

"ಮಕ್ಕಳ ಪಠ್ಯಪುಸ್ತಕ ತಿದ್ದೋ ಕೆಲಸ ಅಂದಿದ್ರಲ್ಲ?"

ಹಾಗೆ ಅಂದಿದ್ದವನು ಮಗ. ಈಗ ಅವನು ಚಪ್ಪಲಿ ಬಿಡುವುದರಲ್ಲಿ ಮುಳುಗಿಹೋಗಿದ್ದ. ಎರಡು ಚಪ್ಪಲಿ ಬಿಡಲು ಅಷ್ಟು ಹೊತ್ತು ಹಿಡಿಯಬಾರದು ನಿಜ. ಆದರೆ ಒಂದು ಕಡೆ ಹೆತ್ತ ತಾಯಿ, ಇನ್ನೊಂದು ಕಡೆ ಕೈಹಿಡಿದವಳು. ಅತ್ತ ದರಿ ಇತ್ತ ಪುಲಿ ಎನ್ನುವಾಗ ಪಾಪ, ಗಂಡಸು ತಲೆ ಬಗ್ಗಿಸಿಕೊಳ್ಳದೆ ಇನ್ನೇನು ಮಾಡಿಯಾನು?

"ಈ ಪೋಲಿ ಪುಸ್ತಕ ಈ ಮನೇಲಿರಬೇಕು, ಇಲ್ಲ ನಾನಿರಬೇಕು," ಎಂದರು ಅತ್ತೆ. "ನೀವಿಬ್ಬರೂ ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಲು ಸೊಸೆ ಹೊತ್ತು ತೆಗೆದುಕೊಳ್ಳಲಿಲ್ಲ. ವಯಸ್ಸಾದ ಜೀವ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಆಮೇಲೆ ಗಂಡನ ಮುಖ ನೋಡುವ ಶಕ್ತಿಯಂತೂ ಇರಲೇ ಇಲ್ಲ. "ಕೈಯಲ್ಲಿ ಇನ್ನೊಂದು ಪುಸ್ತಕ ಇದೆ ಅತ್ತೆ. ಕೊಡ್ತೀನಿ ಅಂತ ಒಪ್ಪಿಕೊಂಡಾಗಿದೆ. ಅದೊಂದನ್ನ ಮುಗಿಸಿಬಿಡ್ತೀನಿ. ಆಮೇಲೆ... ಆಮೇಲೆ ಬರೆಯಲ್ಲ," ಎಂದಳು. ಹೇಳಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತೊಳೆಯಲು ಅಲ್ಲಿ ಒಂದು ಲೋಟವೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮಟ್ಟಿಗೆ ಆ ಹೊತ್ತಿನಲ್ಲಿ ಎರಡೂ ಹೋಗಿದ್ದವು.

ಪೋಲಿ ಪುಸ್ತಕ ಎಂದರೆ ಸುಮ್ಮನೆ ಗೀಚಿ ಎಸೆಯುವಂಥದ್ದು ಎಂದು ಯಾರಾದರೂ ತಿಳಿದಿದ್ದರೆ, ಅವರು ಇವಳ ಬೆಳಗನ್ನು ನೋಡಬೇಕಿತ್ತು. ಗಂಡ ಅಂಗಡಿಗೆ ಹೊರಟ ಮೇಲೆ, ಬಟ್ಟೆ ಒಗೆಯುವ ಯಂತ್ರದ ಪಕ್ಕದ ಸಣ್ಣ ಮೇಜಿನಲ್ಲಿ ಅವಳ ಕಾರ್ಖಾನೆ ಶುರು. ಈ ಕಸುಬಿನಲ್ಲಿ ದೊಡ್ಡ ಕಷ್ಟ ನಾಚಿಕೆಯಲ್ಲ, ಕೈಗಳ ಲೆಕ್ಕ. ನಾಯಕನ ಒಂದು ಕೈ ನಾಯಕಿಯ ಕೂದಲಲ್ಲಿ, ಒಂದು ಸೊಂಟದಲ್ಲಿ ಎಂದು ಬರೆದು, ಮುಂದಿನ ಸಾಲಿನಲ್ಲಿ ದೀಪ ಆರಿಸಿದ ಎಂದರೆ ಮುಗಿಯಿತು. "ಮೇಡಂ, ನಿಮ್ಮ ನಾಯಕನಿಗೆ ಮೂರು ಕೈ," ಎಂದು ಪ್ರಕಾಶಕರ ಫೋನು ಬರುತ್ತದೆ. ಬಿಚ್ಚಿದ ಗುಂಡಿಯನ್ನು ಎರಡನೇ ಸಲ ಬಿಚ್ಚಬಾರದು. ಆಡಿದ ಪಿಸುಮಾತು ಇನ್ನೊಂದು ಪುಸ್ತಕದಲ್ಲಿ ಬರಬಾರದು. ಇದನ್ನೆಲ್ಲ ಅವಳು ಬೆನ್ನು ನೋಯುವಷ್ಟು ಹೊತ್ತು ಕೂತು ಮಾಡುತ್ತಿದ್ದಳು, ಮಾಡುತ್ತ ಸುಖವಾಗಿದ್ದಳು. ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ಹೆದರಿಸದೆ ಹತ್ತಿರ ಬರುವುದನ್ನು ಬರೆಯುವುದಕ್ಕಿಂತ ಒಳ್ಳೆಯ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಅದೇ ಈಗ ಕೊನೆಯಾಗುತ್ತಿತ್ತು.

ಗಾಯದ ಮೇಲೆ ಬರೆ ಎಂಬಂತೆ, ಅದೇ ವಾರ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೊಣಕೈವರೆಗೆ ಪ್ಲಾಸ್ಟರ್ ಬಿತ್ತು. ಅವಳು ಹೇಳುತ್ತ ಹೋಗುವುದು, ಗಂಡ ಟೈಪ್ ಮಾಡುವುದು ಎಂದಾಯಿತು. ಆ ಮಹಾರಾಯನದು ಒಂದು ಬೆರಳಿನ ಸವಾರಿ. ಜೊತೆಗೆ ಪ್ರತಿ ಸಾಲಿಗೂ "ಮೆಲ್ಲಗೆ ಹೇಳೇ, ಅಮ್ಮಂಗೆ ಕೇಳಿಸತ್ತೆ" ಎಂಬ ಪಲ್ಲವಿ. ಒಂದು ಮುತ್ತು ಮುಗಿಯುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು.

ಅಮ್ಮನಿಗೆ ಎಲ್ಲವೂ ಕೇಳಿಸಿತ್ತು. ಒಂದು ಬೆಳಿಗ್ಗೆ ಅವರು ಬಂದು ಮೇಜಿನ ಎದುರಿನ ಕುರ್ಚಿ ಎಳೆದುಕೊಂಡು, ಕನ್ನಡಕ ಏರಿಸಿ ಕೂತರು.

"ಹೇಳು."

"ಅತ್ತೆ, ನೀವಾ..."

"ಇವನನ್ನ ನಂಬಿಕೊಂಡ್ರೆ ಈ ದರಿದ್ರ ವರ್ಷಗಟ್ಟಲೆ ಮನೇಲಿರತ್ತೆ. ಬೇಗ ಮುಗಿದ್ರೆ ಬೇಗ ತೊಲಗತ್ತೆ. ಹೇಳು ಬೇಗ."

ಅತ್ತೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಕಟಕಟೆಯಲ್ಲಿ ನಿಂತವರ ಬಾಯಿಂದ ಮಾತು ಬೀಳುವ ಮೊದಲೇ ಅವರ ಬೆರಳಿನಿಂದ ಬಿದ್ದಿರುತ್ತಿತ್ತು ಎಂದು ಜೊತೆಯವರು ಹೇಳುತ್ತಿದ್ದರು. ಸೊಸೆ ಹೆದರಿ ಹೆದರಿ ಮೊದಲ ಸಾಲು ಹೇಳಿದಳು. ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಡ ಮೂರು ದಿನದಲ್ಲಿ ಮಾಡಿದ್ದಷ್ಟು ಮುಗಿದಿತ್ತು. ಅಲ್ಲಿಯವರೆಗೆ ಪರದೆಯನ್ನು ನೋಡುವ ಧೈರ್ಯ ಸೊಸೆಗೆ ಬಂದಿರಲಿಲ್ಲ. ಈಗ ಬಗ್ಗಿ ಓದಿದಳು.

"ಸದರಿ ಪುರುಷನು ಸದರಿ ಮಹಿಳೆಯ ಎಡ ಹೆಗಲಿನ ಮೇಲೆ ತನ್ನ ಬಲಗೈಯನ್ನು ಇಟ್ಟನೆಂದೂ, ಆ ಸಮಯದಲ್ಲಿ ಕೋಣೆಯಲ್ಲಿ ಬೇರೆ ಯಾರೂ ಹಾಜರಿರಲಿಲ್ಲವೆಂದೂ..."

"ಅತ್ತೆ, ನಾನು ‘ಅವನು’ ಅಂತ ಹೇಳಿದ್ದೆ."

"ಅಭ್ಯಾಸಬಲ. ಅವನು ಅಂದ್ರೆ ಯಾವ ಅವನು ಅಂತ ಓದೋರಿಗೆ ಗೊತ್ತಾಗಬೇಡವಾ?"

"ಮಂಚದ ಮೇಲಿರೋದು ಒಬ್ಬನೇ ಅತ್ತೆ."

ಅತ್ತೆಯ ತುಟಿಯ ತುದಿ ಒಂದಿಷ್ಟು ಸರಿಯಿತು. ಅದನ್ನು ನಗು ಎಂದು ಕರೆಯುವ ಧೈರ್ಯ ಸೊಸೆಗಾಗಲಿಲ್ಲ. ಆದರೆ ಮರುದಿನದಿಂದ ಬೆಳಗಿನ ಕೆಲಸಕ್ಕೆ ಒಂದು ಹದ ಬಂತು. ಅತ್ತೆ ಮೊದಲೇ ಚಹಾ ಮಾಡಿಟ್ಟು ಕೂರುತ್ತಿದ್ದರು. "ನಿಲ್ಲಿಸು. ಈ ಗುಂಡಿ ಆಗಲೇ ಬಿಚ್ಚಿದಾನೆ," ಎನ್ನುತ್ತಿದ್ದರು. "ಈ ಹುಡುಗಿ ಬಾಗಿಲು ಹಾಕ್ಕೊಂಡಿದ್ದು ಎಲ್ಲೂ ಬರಲಿಲ್ಲ, ಗಾಳಿಗೆ ತೆರ್ಕೊಂಡ್ರೆ?" ಎನ್ನುತ್ತಿದ್ದರು. ಮೆಚ್ಚಿದೆ ಎಂದು ಮಾತ್ರ ಒಂದು ದಿನವೂ ಅನ್ನಲಿಲ್ಲ. ಪುಟಗಳು ಏರುತ್ತ ಹೋದ ಹಾಗೆ ಸೊಸೆಯ ಎದೆ ಭಾರವಾಗುತ್ತಿತ್ತು. ಕೊನೆಯ ಪುಸ್ತಕವನ್ನು ಯಾರು ತಾನೇ ಇಷ್ಟು ಬೇಗ ಬರೆದಾರು?

ಹಾಗೆ ಕಥೆಯ ಮುಖ್ಯ ಅಧ್ಯಾಯಕ್ಕೆ ಬಂದರು. ಹಡಗಿನ ಕೆಲಸಕ್ಕೆ ಹೋದ ನಾಯಕಿಯ ಗಂಡ ಎಷ್ಟೋ ತಿಂಗಳಾದ ಮೇಲೆ ಮನೆಗೆ ಬಂದಿದ್ದಾನೆ. ಓದುಗರು ಪುಸ್ತಕದುದ್ದಕ್ಕೂ ಕಾದದ್ದು ಈ ರಾತ್ರಿಗೇ. ಸೊಸೆ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಹೇಳಿದಳು: "‘ಇವತ್ತು ಬೇಡ,’ ಎಂದಳು ಅವಳು. ಅವನ ಕೈ ಇದ್ದಲ್ಲೇ ನಿಂತಿತು. ಅವನು ಎದ್ದು ಕಿಟಕಿ ಮುಚ್ಚಿ ಬಂದ. ಹೊದಿಕೆಯನ್ನು ಅವಳ ಹೆಗಲವರೆಗೆ ಎಳೆದ. ‘ನಿದ್ದೆ ಬರೋವರೆಗೂ ಮಾತಾಡೋಣವಾ?’ ಎಂದು ಕೇಳಿದ."

ಟೈಪಿಂಗ್ ಸದ್ದು ನಿಂತಿತು. ಸೊಸೆ ಕಣ್ಣು ತೆರೆದಳು. ಅತ್ತೆಯ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ಇದ್ದವು.

"ಇದು ತಪ್ಪು," ಎಂದರು.

"ಮತ್ತೆ ಗುಂಡಿನಾ ಅತ್ತೆ?"

"ಗುಂಡಿ ಅಲ್ಲ. ಅವನು ನಿಂತಿದ್ದು. ಬೇಡ ಅಂದ್ರೆ ಯಾವ ಗಂಡಸು ನಿಲ್ತಾನೆ?"

"ನಿಲ್ಲೋರು ಇದಾರೆ ಅತ್ತೆ."

"ನನಗೆ ಹೇಳಬೇಡ. ಸರ್ವಿಸ್ ಪೂರ್ತಿ ನಾನು ಟೈಪ್ ಮಾಡಿದ್ದು ಅದನ್ನೇ. ಬೇಡ ಅಂದೆ, ಕೇಳಲಿಲ್ಲ. ಬೇಡ ಅಂದೆ, ಬಾಯಿ ಮುಚ್ಚಿದರು. ಎಷ್ಟು ಹೆಂಗಸರು ಬಂದು ಆ ಕಟಕಟೆ ಹಿಡ್ಕೊಂಡು ನಿಂತರು... ಮಾತು ಮಾತ್ರ ನಾನು ಬರ್ಕೋಬೇಕಿತ್ತು, ಅಳುನ ಬರ್ಕೊಳ್ಳೋ ಹಾಗಿರಲಿಲ್ಲ. ಸಂಜೆ ಅದನ್ನೆಲ್ಲ ಮುಗಿಸಿ ಮನೆಗೆ ಬಂದ್ರೆ..."

ಅವರು ಕನ್ನಡಕ ತೆಗೆದರು. ಅದನ್ನು ಒರೆಸಲೂ ಇಲ್ಲ, ಕೆಳಗಿಡಲೂ ಇಲ್ಲ.

"ಮನೆಗೆ ಬಂದ್ರೆ ಇಲ್ಲೂ ಅದೇ. ನಾನೂ ಬೇಡ ಅಂದವಳೇ ಕಣೆ. ನನಗೆ ನಿಂತು ಹೇಳೋಕೆ ಕಟಕಟೆ ಇರಲಿಲ್ಲ, ಅಷ್ಟೆ."

ಸೊಸೆ ಈ ಮನೆಗೆ ಬರುವ ಹೊತ್ತಿಗೆ ಮಾವ ತೀರಿಕೊಂಡು ವರ್ಷಗಳಾಗಿದ್ದವು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವರನ್ನು ನೆನೆದವರೆಲ್ಲ ದೇವರಂಥ ಮನುಷ್ಯ ಎಂದೇ ಹೇಳುತ್ತಿದ್ದರು. ಆ ದೇವರೊಡನೆ ಒಂದೇ ಕೋಣೆಯಲ್ಲಿ ಬಾಳಿದವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಇರಲಿ ಬಿಡು. ಕಥೆ ಅಂದ್ರೆ ಕಥೆ," ಎಂದು ಅತ್ತೆ ಕನ್ನಡಕ ಹಾಕಿಕೊಂಡರು. "ಸುಳ್ಳು ಅಂತ ಗೊತ್ತಿದ್ದೇ ಟೈಪ್ ಮಾಡ್ತೀನಿ. ಮುಂದೆ ಹೇಳು."

ಸೊಸೆ ಮುಂದೆ ಹೇಳಲಿಲ್ಲ. ಮಲಗುವ ಕೋಣೆಯ ಮಾತನ್ನು ಹೆಸರಿಲ್ಲದ ಸಾವಿರ ಓದುಗರಿಗೆ ಹೇಳಿದವಳಿಗೆ, ಎದುರಿಗೆ ಕೂತ ಒಬ್ಬ ಅತ್ತೆಗೆ ಹೇಳುವುದು ಕಷ್ಟವಾಯಿತು.

"ಸುಳ್ಳಲ್ಲ ಅತ್ತೆ... ಇದನ್ನ ನಾನು ಕಟ್ಟಿದ್ದಲ್ಲ."

"ಮತ್ತೆ?"

"ಮದುವೆಯಾದ ಹೊಸದರಲ್ಲಿ ನಾನು ಒಂದು ದಿನ ಬೇಡ ಅಂದಿದ್ದೆ. ಭಯ ಆಗಿತ್ತು. ನಿಮ್ಮ ಮಗ ಎದ್ದು ಕಿಟಕಿ ಮುಚ್ಚಿ ಬಂದರು. ಹೊದಿಕೆ ಎಳೆದು, ನಿದ್ದೆ ಬರೋವರೆಗೂ ಮಾತಾಡೋಣವಾ ಅಂತ ಕೇಳಿದರು. ಒಂದು ಅಕ್ಷರಾನೂ ಬದಲಾಯಿಸಿಲ್ಲ ನಾನು."

ಅತ್ತೆ ಅವಳ ಮುಖವನ್ನೇ ನೋಡಿದರು. ಜೀವಮಾನವಿಡೀ ಸಾಕ್ಷಿಗಳ ಮುಖ ನೋಡಿದ್ದ ಕಣ್ಣುಗಳು.

"ನನ್ನ ಮಗ...?"

"ಇವತ್ತಿಗೂ ಹಾಗೇ ಇದಾರೆ ಅತ್ತೆ."

ಏರದ ದನಿಯ ಆ ಹೆಂಗಸು ಅತ್ತದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. ಈಗ ಕೇಳಿದವು. ಸೆರಗೋ ಕರವಸ್ತ್ರವೋ ಹುಡುಕದೆ, ಎರಡು ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು, ಇಷ್ಟು ವರ್ಷ ಯಾರೂ ಬರೆದುಕೊಳ್ಳದ ಅಳುವನ್ನೆಲ್ಲ ಒಟ್ಟಿಗೇ ಅತ್ತರು.

"ಅವನ ನಡಿಗೆ ಅವರಪ್ಪಂದು," ಎಂದರು ಬಿಕ್ಕುತ್ತ. "ಕೆಮ್ಮೋದೂ ಹಾಗೇ... ಬಾಗಿಲು ತಳ್ಳೋದೂ ಹಾಗೇ. ನೀನು ಈ ಮನೆಗೆ ಬಂದಾಗಿಂದ ನನಗೆ ಅದೊಂದೇ ಭಯ. ದಿನಾ ಬೆಳಿಗ್ಗೆ ನೀನು ಎದ್ದು ಬಂದಾಗ ನಿನ್ನ ಮುಖಾನೇ ನೋಡ್ತಿದ್ದೆ, ಕಣ್ಣು ಕೆಂಪಗಿದೆಯಾ, ಮೈಮೇಲೆ ಏನಾದರೂ ಗುರುತಿದೆಯಾ ಅಂತ. ಅತ್ತೆ ಗುರಾಯಿಸ್ತಾಳೆ ಅಂತ ನೀನು ಅಂದ್ಕೊಂಡಿರ್ತೀಯ. ಏನು ಮಾಡಲಿ... ಯಾವ ತಾಯಿಗೆ ಇದನ್ನ ಮಗನ ಹತ್ರ ಕೇಳೋಕಾಗತ್ತೆ? ಯಾವ ಬಾಯಲ್ಲಿ ಸೊಸೇನ ಕೇಳಲಿ? ಆ ಪುಸ್ತಕ ನೋಡಿದಾಗ, ಆ ನರಕಾನೇ ನೀನು ಬಣ್ಣ ಬಳಿದು ಮಾರ್ತಿದೀಯ ಅಂದ್ಕೊಂಡೆ ಕಣೆ..."

ಸೊಸೆ ಎದ್ದು ಪ್ಲಾಸ್ಟರಿನ ಕೈಯಿಂದಲೇ ಅವರನ್ನು ತಬ್ಬಿಕೊಂಡಳು. ಅದು ಅತ್ತೆಯ ಬೆನ್ನಿಗೆ ಒತ್ತಿ ನೋಯಿಸಿರಬೇಕು. ಅವರು ಸರಿಯಲಿಲ್ಲ.

ಸಂಜೆ ಮಗ ಬರುವ ಹೊತ್ತಿಗೆ ತಾಯಿ ಬಾಗಿಲಲ್ಲೇ ನಿಂತಿದ್ದರು. ಅವನ ಚೀಲ ತೆಗೆದುಕೊಂಡರು. ನರೆಯುತ್ತಿರುವ ಅವನ ತಲೆಗೂದಲ ಮೇಲೆ ಕೈಯಾಡಿಸಿದರು. ಹುಡುಗನಾಗಿದ್ದಾಗಿನಿಂದ ಅವರು ಹಾಗೆ ಮಾಡಿರಲಿಲ್ಲ.

"ಏನಾಯ್ತಮ್ಮ? ಇಬ್ಬರೂ ಜಗಳ ಆಡಿದ್ರಾ?"

"ನೀನು ಒಳ್ಳೆಯವನು ಕಣೋ," ಎಂದರು ತಾಯಿ. "ಊಟಕ್ಕೆ ಬಾ."

ಅವನು ಗಾಬರಿಯಾಗಿ ಹೆಂಡತಿಯ ಕಡೆ ತಿರುಗಿ, "ಏನು ಹೇಳಿದೆ ಅಮ್ಮಂಗೆ?" ಎಂದು ಪಿಸುಗುಟ್ಟಿದ. "ಕೆಲಸದ ವಿಷಯ," ಎಂದಳು ಅವಳು.

ಕಾದಂಬರಿ ಮುಗಿಯುವ ಮೊದಲೇ ಪ್ಲಾಸ್ಟರ್ ಬಿಚ್ಚಿದರು. ಆದರೂ ಉಳಿದ ಪುಟಗಳನ್ನು ಅತ್ತೆಯೇ ಟೈಪ್ ಮಾಡಿದರು. ಅವಸರ ಅವರಿಗೂ ಇರಲಿಲ್ಲ, ಇವಳಿಗೂ ಇರಲಿಲ್ಲ. ಕೊನೆಯ ಸಾಲು ಬಂದ ದಿನ ಸೊಸೆ ತನ್ನ ಸೊರಗಿದ ಮಣಿಕಟ್ಟನ್ನು ನೀವಿಕೊಳ್ಳುತ್ತ, "ಮುಗೀತು ಅತ್ತೆ," ಎಂದಳು. "ಕೊಟ್ಟ ಮಾತು ನೆನಪಿದೆ. ಇನ್ನು ಬರೆಯಲ್ಲ ಅಂತ ಪ್ರಕಾಶಕರಿಗೆ ಇವತ್ತೇ ಫೋನ್ ಮಾಡ್ತೀನಿ."

ಅತ್ತೆ ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಪುಸ್ತಕ ಯಾರು ಓದ್ತಾರೆ?"

"ಹೆಚ್ಚಾಗಿ ಹೆಂಗಸರೇ. ಕದ್ದುಮುಚ್ಚಿ."

"ನಾನು ಮದುವೆಗೆ ಮುಂಚೆ ಇಂಥದ್ದೊಂದನ್ನ ಕದ್ದು ಓದಿದ್ರೆ..." ಅತ್ತೆಯ ದನಿ ಒಂದು ಕ್ಷಣ ತಡೆಯಿತು. "ತಪ್ಪಿಸಿಕೊಳ್ಳೋಕೆ ಆಗ್ತಿರಲಿಲ್ಲ ಬಿಡು. ಆದ್ರೆ ನಿಲ್ಲೋರೂ ಇದಾರೆ ಅಂತ ಗೊತ್ತಿರ್ತಿತ್ತು. ತಪ್ಪು ನನ್ನದಲ್ಲ ಅಂತ ಗೊತ್ತಿರ್ತಿತ್ತು. ಫೋನ್ ಮಾಡಬೇಡ. ಬರಿ."

"ಅತ್ತೆ..."

"ಆ ಮಾತು ತಗೊಂಡಿದ್ದು ನಾನು, ಬಿಟ್ಟುಕೊಡ್ತಿರೋದೂ ನಾನೇ. ಬರಿ ನೀನು. ಎಲ್ಲಾ ಪುಸ್ತಕದಲ್ಲೂ ಒಂದು ಸಲವಾದರೂ ಅವನು ನಿಲ್ಲಬೇಕು. ಅಷ್ಟು ನನಗೋಸ್ಕರ ಮಾಡು."

ಸೊಸೆ ಅತ್ತೆಯ ಭುಜಕ್ಕೆ ತಲೆಯಾನಿಸಿ ಕೂತಳು. ಅತ್ತೆ ಅವಳ ಸೊರಗಿದ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡು, ವೈದ್ಯರು ಹೇಳಿಕೊಟ್ಟ ಹಾಗೆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸತೊಡಗಿದರು.

"ನೋಯ್ತಿದೆಯಾ?" ಎಂದು ಕೇಳಿದರು.

"ಇಲ್ಲ ಅತ್ತೆ," ಎಂದಳು ಸೊಸೆ.