ಆಧಾರ ಸಹಿತ ಉತ್ತರ

ರಾಮಲಿಂಗಪ್ಪನಿಗೆ ತನ್ನ ಮೇಲೆ ಮನಸ್ಸಿಲ್ಲವೆಂದು ಸತ್ಯವ್ವ ಟೀಚರು ತೀರ್ಮಾನಿಸಿಯಾಗಿತ್ತು. ಅದಕ್ಕೆ ಆಧಾರವೂ ಇತ್ತು.

ಎಪ್ಪತ್ತನಾಲ್ಕರ ಆ ವರ್ಷ ಸಂಪಗಾಂವಿನ ಹೈಸ್ಕೂಲಿನಲ್ಲಿ ಕೊನೆಯ ಪೀರಿಯಡ್ ಇಬ್ಬರಿಗೂ ಖಾಲಿ. ಸ್ಟಾಫ್ ರೂಮಿನಲ್ಲಿ ಅವನು ಭೂಗೋಳದ ನಕ್ಷೆಯ ಮರೆಯಿಂದ ಕದ್ದು ನೋಡುವುದು, ಇವಳು ನೋಡಿಯೂ ನೋಡದಂತೆ ಸೆರಗು ಸರಿಮಾಡಿಕೊಳ್ಳುವುದು, ಎಲ್ಲ ಚೆಂದವಾಗಿಯೇ ನಡೆದಿತ್ತು. ಮಾತಿನಲ್ಲಿ ಬಸ್ಸು ತಪ್ಪಿದರೂ ಅವಳಿಗೆ ಪರಿವೆ ಇರುತ್ತಿರಲಿಲ್ಲ. ದೀಪಾವಳಿಯ ನಂತರ ಅವನು ತಾನಾಗಿಯೇ ಕೇಳಿ ಆ ಖಾಲಿ ಪೀರಿಯಡ್ಡಿಗೆ ಒಂಬತ್ತನೆಯ ಕ್ಲಾಸು ಹಾಕಿಸಿಕೊಂಡ. ಇನ್ನೇನು ಬೇಕು? ಸತ್ಯವ್ವ ಮುಖ ಊದಿಸಿಕೊಂಡು ಬೇಗನೆ ಬಸ್ಸು ಹಿಡಿದು ತನ್ನೂರು ಚಚಡಿಗೆ ಹೋಗತೊಡಗಿದಳು.

ನಾಳೆ ಮುನವಳ್ಳಿಯಿಂದ ಅವಳನ್ನು ನೋಡಲು ಗಂಡಿನವರು ಬರುತ್ತಾರೆ. ಒಪ್ಪಿಗೆಯೋ ಅಲ್ಲವೋ ಇವತ್ತೇ ಹೇಳಬೇಕೆಂದು ಅಣ್ಣ ಯಮನಪ್ಪ ಪಟ್ಟು ಹಿಡಿದಿದ್ದ.

ಆ ಮಧ್ಯಾಹ್ನ ಎಂಟನೆಯ ಕ್ಲಾಸಿನಲ್ಲಿ ಒಂದು ಕಥೆಯ ಪಾಠ. ಗಂಡ ದೂರದೇಶಕ್ಕೆ ಹೊರಟಾಗ ಅದರ ನಾಯಕಿ ಹೊರಗೇ ಬರುವುದಿಲ್ಲ. ಅವಳಿಗೆ ಗಂಡನ ಮೇಲೆ ಪ್ರೀತಿ ಇತ್ತೇ? ಅನಿಸಿದ್ದನ್ನು ಹೇಳಿದರೆ ಸಾಲದು, ಪಾಠದಲ್ಲಿ ಬೆರಳಿಟ್ಟು ತೋರಿಸಬೇಕೆಂದು ಸತ್ಯವ್ವ ಕೇಳಿದಳು.

ಮುಂದಿನ ಬೆಂಚಿನ ಹುಡುಗಿ ಮರೆವ್ವ ಎದ್ದು ನಿಂತಳು. "ಇಲ್ಲರಿ ಅಕ್ಕಾರ. 'ಅವಳು ಬಾಗಿಲಿಗೆ ಬರಲಿಲ್ಲ' ಅಂತ ಐತ್ರಿ."

"ಅದರ ಹಿಂದಿನ ಸಾಲು ಓದು."

"'ತನ್ನ ಕಣ್ಣೀರು ಕಂಡರೆ ಅವನು ಹೊರಡಲಾರನೆಂದು ಅವಳಿಗೆ ಗೊತ್ತಿತ್ತು.'" ಹುಡುಗಿ ತಡೆದಳು. "ಹಂಗಾರ ಪ್ರೀತಿ ಇತ್ರಿ. ಅದಕ್ಕ ಬರಲಿಲ್ಲ."

ಸತ್ಯವ್ವ ಆ ಸಾಲನ್ನು ಮತ್ತೆ ಓದಿಸಿದಳು. ಅವಳ ಸ್ವಂತ ಕಥೆಯಲ್ಲೂ ಹಿಂದಿನದೊಂದು ಸಾಲಿತ್ತು, ಅದನ್ನು ಅವಳೇ ಆಡಿದ್ದಳು. ಇನ್ನೊಮ್ಮೆ ಕತ್ತಲಾದ ಮೇಲೆ ಮನೆಗೆ ಬಂದರೆ ಅಣ್ಣ ನೌಕರಿ ಬಿಡಿಸುತ್ತಾನಂತೆ ಎಂದು ಸ್ಟಾಫ್ ರೂಮಿನಲ್ಲಿ ನಗುನಗುತ್ತ ಹೇಳಿದ್ದಳು. ಅದರ ಮರುದಿನವೇ ಅವನು ಆ ಕ್ಲಾಸು ತೆಗೆದುಕೊಂಡಿದ್ದ.

ಗಂಟೆ ಹೊಡೆದದ್ದೇ ತಡ, ಒಂಬತ್ತನೆಯ ಕ್ಲಾಸಿಗೆ ಹೊರಟಿದ್ದ ರಾಮಲಿಂಗಪ್ಪನಿಗೆ ಪಡಸಾಲೆಯಲ್ಲಿ ಅಡ್ಡ ನಿಂತಳು. ಆ ಪೀರಿಯಡ್ ಯಾಕೆ ತೆಗೆದುಕೊಂಡಿರೆಂದು ಕೇಳಿದಳು. ಪೋರ್ಶನ್ ಉಳಿದಿತ್ತೆಂದು ಅವನು ಜಾರಿಕೊಳ್ಳಲು ನೋಡಿದ.

"ಖರೇ ಹೇಳ್ರಿ."

ಅವನ ಕೈಯಲ್ಲಿದ್ದ ಚಾಕ್‌ಪೀಸು ಮುರಿಯಿತು. "ನಾ ಎದುರಿಗೆ ಕುಂತ್ರ ನೀವು ಬಸ್ಸಿನ ಹೊತ್ತಿಗೆ ಏಳತಿದ್ದಿಲ್ಲ. ಏಳ್ರಿ ಅನ್ನಾಕ ನನಗೂ ಬಾಯಿ ಬರತಿದ್ದಿಲ್ಲ."

ನಾಳೆ ಗಂಡಿನವರು ಬರುವುದನ್ನು ಅವಳು ಹೇಳಿದಳು.

"ನನ್ನ ಮನಸಿನ್ಯಾಗ ಏನೈತಿ ಅಂತ ನಿಮಗ ತಿಳಿದಿಲ್ಲೇನ್ರಿ?" ಎಂದ ರಾಮಲಿಂಗಪ್ಪ.

"ಇದೆಲ್ಲಾ ಬರೇ ಆಧಾರ ಆತು. ಉತ್ತರ ಎಲ್ಲೈತ್ರಿ?" ಅವಳು ದಾರಿ ಬಿಡಲಿಲ್ಲ. "ಉತ್ತರ ನಿಮ್ಮ ಬಾಯಿಂದನ ಬರಬೇಕು."

ಬಸ್ಸಿನ ಹಾರ್ನ್ ಕೇಳಿಸಿತು. ಹುಡುಗರ ಗದ್ದಲಕ್ಕೋ ಏನೋ, ಅವನು ತಿರುಗಿ ಕ್ಲಾಸಿನೊಳಗೆ ಹೋಗಿಬಿಟ್ಟ. ಸತ್ಯವ್ವ ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ಅಣ್ಣನಿಗೆ ಹೂಂ ಅಂದುಬಿಡಬೇಕೆಂದು ಹಲ್ಲು ಕಚ್ಚಿದಳು.

ಬಸ್ಸು ಹೊರಟು ಮತ್ತೆ ನಿಂತಿತು. ಏದುಸಿರು ಬಿಡುತ್ತ ಒಳಗೆ ಬಂದವನ ಅಂಗಿಯೆಲ್ಲ ಚಾಕ್‌ಪೀಸಿನ ಪುಡಿ. ಹೆಡ್‌ಮಾಸ್ತರರ ಕಡೆ ರಜೆ ಕೇಳಿ ಬಂದೆನೆಂದ.

"ನೀವಂದ್ರ ನನಗ ಜೀವ ಐತ್ರಿ," ಎಂದ, ಅಕ್ಕಪಕ್ಕದವರು ಹೊರಳಿ ನೋಡುವ ಹಾಗೆ. "ನಿಮ್ಮ ಅಣ್ಣನ ಮುಂದೂ ಇದನ್ನ ಹೇಳತೇನಿ."

ಕಂಡಕ್ಟರ್ ಅವನನ್ನು ಎಲ್ಲಿಗೆಂದು ಕೇಳಿದ.

"ಚಚಡಿಗೆ."

ಸತ್ಯವ್ವ ಪಕ್ಕದಲ್ಲಿಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.